ಮೀಸೆಯವನ ಬೆರಳು ಮತ್ತು ಇನ್ನು ಹನ್ನೊಂದು ಪೋಸ್ಟರ್: ತಗೋಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಪೋಸ್ಟರ್‌ಗಳಿಗೆ ಐದಕ್ಕೆ ಐದು, ಅವನ್ನು ಪ್ರಿಂಟ್ ಹಾಕಿ ಮಾರಿದವರಿಗೆ ಎರಡೂವರೆ. ಆನ್‌ಲೈನ್‌ನಲ್ಲಿ ಸಿಗುವ, ಹೆಚ್ಚಾಗಿ ಮೊದಲ ಮಹಾಯುದ್ಧದ ಕಾಲದ ಸೇನಾ ಭರ್ತಿ ಪೋಸ್ಟರ್‌ಗಳ ಹನ್ನೆರಡು ಹಾಳೆಯ ಸೆಟ್ ಇದು. ಎ3 ಸೈಜು, ಮ್ಯಾಟ್ ಪೇಪರ್, ರಟ್ಟಿನ ಕೊಳವೆಯಲ್ಲಿ ಸುತ್ತಿ ಕಳಿಸುತ್ತಾರೆ. ಬೆಲೆ 1,450 ರೂಪಾಯಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಸೆಟ್ಟುಗಳನ್ನು ಬೇರೆ ಬೇರೆ ಹೆಸರಲ್ಲಿ ಮಾರುವವರು ತುಂಬ ಜನ ಇದ್ದಾರೆ, ನೀವು ಯಾರ ಹತ್ತಿರ ಕೊಂಡರೂ ಈ ವಿಷಯಗಳನ್ನು ನೋಡಿಕೊಳ್ಳಬೇಕಾಗುತ್ತದೆ.

ಹನ್ನೆರಡನ್ನೂ ನೆಲದ ಮೇಲೆ ಹಾಸಿ ನೋಡಿ. ಯುದ್ಧದ ಪೋಸ್ಟರ್ ಅಂತ ತರಿಸಿದ್ದು, ಆದರೆ ಅದರಲ್ಲಿ ಯುದ್ಧವೇ ಇಲ್ಲ. ಕಂದಕ ಇಲ್ಲ, ಕೆಸರಿಲ್ಲ, ಸೈನಿಕರ ಹೆಣ ಇಲ್ಲ, ಗುಂಡಿನ ಹೊಗೆ ಕೂಡ ಇಲ್ಲ ಅನ್ನಬಹುದು. ಇರುವುದು ಮುಖ, ಕಣ್ಣು, ಬೆರಳು, ಕಿಟಕಿ, ಕುರ್ಚಿ, ಮಕ್ಕಳು. ಯುದ್ಧ ತೋರಿಸಿದರೆ ಯಾರೂ ಯುದ್ಧಕ್ಕೆ ಬರೋದಿಲ್ಲ ಅಂತ ಇದನ್ನು ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ತೋರಿಸಿದ್ದು ಇನ್ನೂ ಹೋಗದೆ ರಸ್ತೆಯಲ್ಲಿ ನಿಂತು ಪೋಸ್ಟರ್ ನೋಡುತ್ತಿರುವವನನ್ನೇ. ಅವನು ಎಲ್ಲಿ ನಿಂತಿದ್ದಾನೆ, ಯಾರು ಅವನನ್ನು ನೋಡುತ್ತಿದ್ದಾರೆ, ನಾಳೆ ಯಾರು ಏನು ಕೇಳುತ್ತಾರೆ, ಇಷ್ಟೇ. ಈ ಪೋಸ್ಟರ್‌ಗಳ ಕಸುಬೆಲ್ಲ ಅದರಲ್ಲೇ ಇದೆ. ಹಾಗಾಗಿ ಪ್ರಿಂಟ್ ಚೆನ್ನಾಗಿದೆಯಾ ಅನ್ನುವುದನ್ನೂ ನಾನು ಅದರಿಂದಲೇ ಅಳೆದೆ. ಎದುರು ನಿಂತರೆ ಅದು ನಮ್ಮನ್ನು ಹಿಡಿಯುತ್ತಾ, ಇಲ್ವಾ?

ಕಿಚನರ್ ಇಲ್ಲದೆ ಇಂಥ ಸೆಟ್ ಇರುವುದೇ ಇಲ್ಲ. ಆಲ್ಫ್ರೆಡ್ ಲೀಟ್ ಅನ್ನುವ ಚಿತ್ರಕಾರ ಇದನ್ನು ಬರೆದದ್ದು ಪೋಸ್ಟರಿಗಲ್ಲ, ‘ಲಂಡನ್ ಒಪಿನಿಯನ್’ ಪತ್ರಿಕೆಯ ಮುಖಪುಟಕ್ಕೆ. 1914ರ ಸೆಪ್ಟೆಂಬರ್ 5ರ ಸಂಚಿಕೆ. ಬ್ರಿಟನ್ ಯುದ್ಧಕ್ಕಿಳಿದು ಆಗ ಒಂದು ತಿಂಗಳಾಗಿತ್ತು, ಲಾರ್ಡ್ ಕಿಚನರ್ ಯುದ್ಧ ಮಂತ್ರಿ. 1902ರಿಂದ 1909ರವರೆಗೆ ಭಾರತದಲ್ಲಿ ಸೇನೆಯ ಕಮಾಂಡರ್-ಇನ್-ಚೀಫ್ ಆಗಿದ್ದವನು ಇವನೇ. ಆಗ ಅವನಿಗೆ 64 ವರ್ಷ. ಲೀಟ್ ಅವನ ವಯಸ್ಸನ್ನು ಸಲೀಸಾಗಿ ಇಳಿಸಿಬಿಟ್ಟಿದ್ದಾನೆ. ಟೋಪಿ, ದಪ್ಪ ಮೀಸೆ, ಎರಡು ಕಣ್ಣು, ಒಂದು ಬೆರಳು. ಅಷ್ಟೇ ಚಿತ್ರ. ಹಿಂದೆ ಏನೂ ಇಲ್ಲ, ಬರೀ ಖಾಲಿ ಕಾಗದ.

ಪೋಸ್ಟರಾಗಿ ಬಂದಾಗ ಅದರಲ್ಲಿ ಒಂದು ಜಾಣತನ ಸೇರಿಕೊಂಡಿತು. ಕಿಚನರ್ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಮೇಲೆ ಬ್ರಿಟನ್ನರೇ ಅಂತ ಒಂದು ಕೂಗು, ನಡುವೆ ಮುಖ, ಕೆಳಗೆ ‘ನಿಮ್ಮನ್ನು ಕರೆಯುತ್ತಿದ್ದಾನೆ’ ಅನ್ನುವ ಮಾತು, ಅದರ ಕೆಳಗೆ ಸೇನೆ ಸೇರಿ ಅಂತ. ಹೆಸರು ಬರಬೇಕಾದ ಜಾಗದಲ್ಲಿ ಮುಖ ಕೂತಿದೆ. ಓದುತ್ತಾ ಹೋದವನು ಆ ಮುಖವನ್ನು ದಾಟಿಯೇ ಮುಂದಿನ ಸಾಲಿಗೆ ಹೋಗಬೇಕು, ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ.

ಬೆರಳನ್ನು ಹತ್ತಿರದಿಂದ ನೋಡಿ. ತೋಳು ಇದೆ ಅಂತ ನಮಗೆ ಅನ್ನಿಸುತ್ತದೆ, ಆದರೆ ತೋಳು ಕಾಣುವುದೇ ಇಲ್ಲ ಅನ್ನುವಷ್ಟು ಕಡಿಮೆ. ನೇರ ನಮ್ಮ ಕಡೆ ಚಾಚಿದ ಕೈಯನ್ನು ಎದುರಿನಿಂದ ನೋಡಿದರೆ ಕಾಣುವುದು ಬರೀ ಮುಷ್ಟಿ, ಬೆರಳಿನ ತುದಿ. ಇದರ ಮಜಾ ಏನಂದ್ರೆ, ನೀವು ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ಬೆರಳು ನಿಮ್ಮ ಕಡೆಗೇ ಇರುತ್ತದೆ. ಕಣ್ಣೂ ಹಾಗೇ. ಮಾಟ ಏನಿಲ್ಲ. ಎದುರಿಗೆ ನಿಜವಾದ ಮನುಷ್ಯ ನಿಂತಿದ್ದರೆ ನಾವು ಪಕ್ಕಕ್ಕೆ ಸರಿದಾಗ ಅವನ ಕಿವಿ, ಕೆನ್ನೆಯ ಬದಿ ಕಾಣಬೇಕು. ಚಪ್ಪಟೆ ಚಿತ್ರದಲ್ಲಿ ಅದು ಕಾಣುವುದಿಲ್ಲ, ಎಲ್ಲಿಂದ ನೋಡಿದರೂ ಎದುರಿನ ಮುಖವೇ. ಹಾಗಾಗಿ ಅವನೇ ನಮ್ಮ ಜೊತೆ ತಿರುಗಿದ ಅಂತ ತಲೆ ಲೆಕ್ಕ ಹಾಕಿಕೊಳ್ಳುತ್ತದೆ. ಜನ ಓಡಾಡುವ ರಸ್ತೆಯಲ್ಲಿ ಇದನ್ನು ಅಂಟಿಸಿದರೆ ಆ ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬನಿಗೂ ಅವನನ್ನೇ ಕರೆದ ಹಾಗೆ. ಹಾಲ್‌ನಲ್ಲಿ ಸುಮ್ನೆ ಟೇಪ್ ಹಾಕಿ ಅಂಟಿಸಿದ್ದೆ. ಅಮ್ಮ ಕಾಫಿ ಲೋಟ ಹಿಡಿದು ಆ ಕಡೆ ಈ ಕಡೆ ಓಡಾಡಿ, ‘ಯಾರೋ ಇವನು, ಸಾಲ ಕೊಟ್ಟವನ ಥರ ನೋಡ್ತಾನಲ್ಲ’ ಅಂದರು. ಇದಕ್ಕಿಂತ ಒಳ್ಳೆ ರಿವ್ಯೂ ನನ್ನಿಂದ ಬರೆಯೋಕಾಗಲ್ಲ.

ಪ್ರಿಂಟಿನ ಮಟ್ಟಿಗೆ ಕಿಚನರ್ ಪಾಸು. ಕಪ್ಪು ಗಟ್ಟಿಯಾಗಿ ಕೂತಿದೆ, ಕಣ್ಣಿನ ಬಿಳಿ ಉಳಿದಿದೆ. ಆದರೆ ಪತ್ರಿಕೆಯ ಮುಖಪುಟದಲ್ಲಿದ್ದ ‘ನಿಮ್ಮ ದೇಶಕ್ಕೆ ನೀವು ಬೇಕು’ ಸಾಲನ್ನೂ ಪೋಸ್ಟರಿನ ಅಕ್ಷರ ಜೋಡಣೆಯನ್ನೂ ಕಲಸಿ ಹಾಕಿದ್ದಾರೆ. ಇವತ್ತು ಕಾಫಿ ಮಗ್ಗು, ಟೀ ಶರ್ಟಿನ ಮೇಲೆ ಬರುವುದೂ ಈ ಕಲಬೆರಕೆಯೇ. ಹಳೆಯದು ಬೇಕು ಅನ್ನುವವರು ಗಮನಿಸಿ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ವಿಷಯ ಹೇಳಲೇಬೇಕು. ಬ್ರಿಟನ್ನಿನಲ್ಲಿ ಒಂದೇ ದಿನದಲ್ಲಿ ಅತಿ ಹೆಚ್ಚು ಜನ ಸೇನೆಗೆ ಸೇರಿದ್ದು 1914ರ ಸೆಪ್ಟೆಂಬರ್ 3ರಂದು, 33 ಸಾವಿರಕ್ಕೂ ಜಾಸ್ತಿ. ಮುಖಪುಟ ಬಂದದ್ದು ಸೆಪ್ಟೆಂಬರ್ 5ಕ್ಕೆ. ಅಂದರೆ ಆ ನೂಕುನುಗ್ಗಲಿಗೂ ಈ ಬೆರಳಿಗೂ ಸಂಬಂಧ ಇಲ್ಲ. ಆಗಸ್ಟ್ ಕೊನೆಯಲ್ಲಿ ಬೆಲ್ಜಿಯಮ್ಮಿನ ಮಾನ್ಸ್‌ನಿಂದ ಬ್ರಿಟಿಷ್ ಸೇನೆ ಹಿಂದೆ ಸರಿಯುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು, ಜನ ಗಾಬರಿಯಾಗಿ ಸಾಲು ನಿಂತರು. ಈ ಚಿತ್ರ ಆಗ ಊರೂರಿನ ಗೋಡೆ ತುಂಬಿತ್ತು ಅನ್ನುವುದನ್ನೂ ಈಗಿನ ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಇದು ಜಗತ್ತಿಗೆಲ್ಲ ಪರಿಚಯ ಆದದ್ದು ಜಾಸ್ತಿ ಆಮೇಲೆ. ಆದ್ದರಿಂದ ‘ಈ ಪೋಸ್ಟರ್ ಲಕ್ಷಾಂತರ ಜನರನ್ನು ಯುದ್ಧಕ್ಕೆ ಕಳಿಸಿತು’ ಅಂತ ಸೆಟ್ಟಿನ ಜೊತೆ ಬರುವ ಚೀಟಿಯಲ್ಲಿ ಬರೆದಿರುವುದನ್ನು ನಂಬಬೇಡಿ.

ಎರಡನೆಯದು ಅಂಕಲ್ ಸ್ಯಾಮ್, ಅಂದರೆ ಅಮೆರಿಕ ದೇಶವನ್ನೇ ಮನುಷ್ಯನನ್ನಾಗಿ ಮಾಡಿದ ಬಿಳಿಗಡ್ಡದ ಮುದುಕ. ಜೇಮ್ಸ್ ಮಾಂಟ್‌ಗೊಮರಿ ಫ್ಲ್ಯಾಗ್ ಬರೆದದ್ದು. ಇದೂ ಮೊದಲು ಪತ್ರಿಕೆಯ ಮುಖಪುಟವೇ, ‘ಲೆಸ್ಲೀಸ್ ವೀಕ್ಲಿ’, 1916ರ ಜುಲೈ. 1917ರಲ್ಲಿ ಅಮೆರಿಕ ಯುದ್ಧಕ್ಕೆ ಸೇರಿದ ಮೇಲೆ ಪೋಸ್ಟರಾಯಿತು, 1918ರೊಳಗೆ 40 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ಮಾಡೆಲ್ ಹುಡುಕುವ ತಾಪತ್ರಯ ಬೇಡ ಅಂತ ಫ್ಲ್ಯಾಗ್ ತನ್ನ ಮುಖವನ್ನೇ ವಯಸ್ಸು ಮಾಡಿ, ಬಿಳಿ ಗಡ್ಡ ಅಂಟಿಸಿ ಬರೆದುಬಿಟ್ಟ. ಐಡಿಯಾ ಕಿಚನರ್‌ನದ್ದೇ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಕಿಚನರ್ ಮುಖದಲ್ಲಿ ಭಾವನೆಯೇ ಇಲ್ಲ, ಇವನ ಹುಬ್ಬು ಗಂಟಿಕ್ಕಿದೆ. ಅವನದು ಅಪ್ಪಣೆ. ಇವನು ಕೋಪ ಮಾಡಿಕೊಂಡಿದ್ದಾನೆ, ಇಷ್ಟು ಹೊತ್ತು ಎಲ್ಲಿದ್ದೆ ಅಂತ ಕೇಳುತ್ತಿದ್ದಾನೆ. ‘ಅಮೆರಿಕದ ಸೇನೆಗೆ ನೀನು ಬೇಕು’ ಅನ್ನುವ ಸಾಲಿನಲ್ಲಿ ‘ನೀನು’ ಅನ್ನುವ ಪದ ಉಳಿದ ಪದಗಳಿಗಿಂತ ದೊಡ್ಡದಾಗಿದೆ, ಬೆರಳು ತೋರಿಸುವುದನ್ನು ಅಕ್ಷರವೂ ಇನ್ನೊಂದು ಸಲ ತೋರಿಸುತ್ತದೆ.

ಈ ಪೋಸ್ಟರಿನಲ್ಲಿ ಯಾರೂ ಗಮನಿಸದ ಒಂದು ಜಾಗ ಇದೆ. ಎಲ್ಲಕ್ಕಿಂತ ಕೆಳಗೆ, ‘ಹತ್ತಿರದ ಭರ್ತಿ ಕೇಂದ್ರ’ ಅಂತ ಬರೆದು ಅದರ ಕೆಳಗೆ ಖಾಲಿ ಬಿಟ್ಟಿದ್ದಾರೆ. ಆಯಾ ಊರಿನವರು ಅಲ್ಲಿ ವಿಳಾಸ ತುಂಬಿಸಿಕೊಳ್ಳಬೇಕು. ನನ್ನ ಪ್ರಕಾರ ಇಡೀ ಪೋಸ್ಟರಿನ ಜೀವ ಅಲ್ಲಿದೆ. ಮೇಲಿನ ಮುಖ ನಿಮ್ಮನ್ನು ಮುಜುಗರಕ್ಕೆ ಸಿಕ್ಕಿಸುತ್ತದೆ, ಮುಜುಗರ ಕಮ್ಮಿ ಆಗುವುದರೊಳಗೆ ಕೆಳಗೆ ಒಂದು ಬಾಗಿಲು ತೋರಿಸುತ್ತದೆ: ಇಂಥ ರಸ್ತೆ, ಇಂಥ ಕಟ್ಟಡ, ಹೋಗು. ವಿಳಾಸ ಇಲ್ಲದೆ ಹೋಗಿದ್ದರೆ ಜನ ಒಂದು ನಿಮಿಷ ಬೇಜಾರು ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮ ಅಂಗಡಿಯ ಪುಣ್ಯಾತ್ಮರು ಆ ಖಾಲಿ ಜಾಗದಲ್ಲಿ ಏನು ಮಾಡಿದ್ದಾರೆ ಗೊತ್ತಾ? ತಮ್ಮ ಲೋಗೋ ಹಾಕಿಕೊಂಡಿದ್ದಾರೆ, ಪಕ್ಕದಲ್ಲಿ ಕ್ಯೂಆರ್ ಕೋಡ್. ಹತ್ತಿರದ ಭರ್ತಿ ಕೇಂದ್ರ ಅಂದರೆ ಇವರ ವೆಬ್‌ಸೈಟು! ನಗು ಬಂತು, ಆಮೇಲೆ ಸಿಟ್ಟೂ ಬಂತು. ಕಸ್ಟಮರ್ ಕೇರಿಗೆ ಬರೆದರೆ ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಉತ್ತರ.

ಇದರ ಜೊತೆ ಸೈಜಿನ ತಕರಾರೂ ಇದೆ. ಬ್ರಿಟನ್ನಿನ ಆಗಿನ ಪೋಸ್ಟರ್‌ಗಳು ಸಾಮಾನ್ಯವಾಗಿ 20 ಇಂಚು ಅಗಲ, 30 ಇಂಚು ಎತ್ತರ. ಫ್ಲ್ಯಾಗ್‌ನದ್ದು ಸುಮಾರು 30ಕ್ಕೆ 40. ಎ3 ಹಾಳೆಯ ಅಳತೆ ಇವೆರಡಕ್ಕೂ ಹೊಂದುವುದಿಲ್ಲ. ಸುತ್ತ ಸ್ವಲ್ಪ ಬಿಳಿ ಬಿಟ್ಟು ಪ್ರಿಂಟ್ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹಾಳೆ ತುಂಬಲಿ ಅಂತ ಕತ್ತರಿ ಹಾಕಿದ್ದಾರೆ. ಹೀಗಾಗಿ ಅಂಕಲ್ ಸ್ಯಾಮ್‌ಗೆ ಎಡಬಲದ ಅಂಚು ಇಲ್ಲ, ಬ್ರಿಟಿಷ್ ಪೋಸ್ಟರ್‌ಗಳಿಗೆ ತಲೆ ಮತ್ತು ಕಾಲು ಇಲ್ಲ. ಪಾರ್ಲಿಮೆಂಟಿನ ಭರ್ತಿ ಸಮಿತಿಯ ಹೆಸರು, ಪೋಸ್ಟರಿನ ನಂಬರು, ಅಚ್ಚು ಹಾಕಿದವರ ಹೆಸರು, ಇವೆಲ್ಲ ಇದ್ದದ್ದು ಕೆಳಗಿನ ಸಣ್ಣ ಸಾಲಿನಲ್ಲೇ.

ಈಗ ಸೆಟ್ಟಿನ ರಾಜನ ವಿಷಯಕ್ಕೆ ಬರುತ್ತೇನೆ. ಸ್ಯಾವಿಲ್ ಲಮ್ಲೀ 1915ರಲ್ಲಿ ಬರೆದದ್ದು. ಒಂದು ಬೆಚ್ಚಗಿನ ಕೋಣೆ. ಸೂಟು ಹಾಕಿದ ಅಪ್ಪ ಕುರ್ಚಿಯಲ್ಲಿ ಕೂತಿದ್ದಾನೆ. ತೊಡೆಯ ಮೇಲೆ ಮಗಳು, ಅವಳ ಕೈಯಲ್ಲಿ ಪುಸ್ತಕ. ನೆಲದ ಮೇಲೆ ಮಗ ಆಟಿಕೆ ಸೈನಿಕರನ್ನು ಸಾಲಾಗಿ ನಿಲ್ಲಿಸುತ್ತಿದ್ದಾನೆ. ಕೆಳಗೆ ಮಗಳ ಪ್ರಶ್ನೆ: ‘ಅಪ್ಪಾ, ಮಹಾಯುದ್ಧದಲ್ಲಿ ನೀನು ಏನು ಮಾಡಿದೆ?’

ಎಷ್ಟು ಸಲ ನೋಡಿದರೂ ಇದು ನನ್ನನ್ನು ಚುಚ್ಚುತ್ತದೆ. ಮೊದಲನೆಯದು ಕಾಲದ ಆಟ. ಪೋಸ್ಟರ್ ಬಂದಾಗ ಯುದ್ಧ ಇನ್ನೂ ನಡೆಯುತ್ತಿತ್ತು, ಮುಗಿಯುವುದಕ್ಕೆ ಮೂರು ವರ್ಷ ಬಾಕಿ ಇತ್ತು. ಆದರೆ ಚಿತ್ರದಲ್ಲಿ ಯುದ್ಧ ಮುಗಿದುಹೋಗಿದೆ. ಗೆದ್ದೂ ಆಗಿದೆ, ಇಲ್ಲದಿದ್ದರೆ ಅಷ್ಟು ನೆಮ್ಮದಿಯ ಕೋಣೆ ಎಲ್ಲಿಂದ ಬರುತ್ತದೆ? ಸತ್ತವರ ಸುದ್ದಿ ಇಲ್ಲ, ಕೈಕಾಲು ಕಳೆದುಕೊಂಡವರ ಸುದ್ದಿ ಇಲ್ಲ. ಹೋಗಿದ್ದರೆ ಮಗಳಿಗೆ ಹೇಳೋಕೆ ಒಂದು ಒಳ್ಳೆ ಕಥೆ ಇರುತ್ತಿತ್ತು, ಅಷ್ಟೇ ವ್ಯತ್ಯಾಸ ಅನ್ನುವ ಹಾಗೆ. ಹೋದವರಲ್ಲಿ ಎಷ್ಟೋ ಜನಕ್ಕೆ ಆ ಕುರ್ಚಿಯೂ ಸಿಗಲಿಲ್ಲ, ಆ ಮಗಳೂ ಹುಟ್ಟಲಿಲ್ಲ. ಅದನ್ನು ಮುಚ್ಚಿಡುವ ಕೆಲಸವನ್ನು ಕೋಣೆಯ ಪರದೆ, ಮೆತ್ತನೆ ಕುರ್ಚಿ ಮಾಡುತ್ತವೆ.

ಎರಡನೆಯದು ನೋಟಗಳು. ಮಗಳು ಅಪ್ಪನನ್ನು ನೋಡುತ್ತಾಳೆ. ಮಗ ಆಟಿಕೆ ನೋಡುತ್ತಾನೆ. ಅಪ್ಪ ಮಗಳನ್ನು ನೋಡುವುದಿಲ್ಲ, ಚಿತ್ರದ ಹೊರಗೆ ನಿಂತ ನಮ್ಮನ್ನು ನೋಡುತ್ತಾನೆ. ಉತ್ತರ ಗೊತ್ತಿಲ್ಲದ ಹುಡುಗ ಪಕ್ಕದ ಬೆಂಚಿನವನ ಕಡೆ ತಿರುಗುತ್ತಾನಲ್ಲ, ಅದೇ ನೋಟ. ಇಲ್ಲಿ ಬೆರಳು ಇಲ್ಲ, ಮೀಸೆ ಇಲ್ಲ, ಅಪ್ಪಣೆ ಇಲ್ಲ. ಒಂದು ಮಗು ಪುಸ್ತಕ ಓದುತ್ತಾ ಮುಗ್ಧವಾಗಿ ಕೇಳುತ್ತದೆ. ಅದಕ್ಕಿಂತ ಕ್ರೂರವಾದದ್ದು ಇನ್ನೇನಿದೆ? ಇದು ಹೊಳೆದದ್ದು ಆರ್ಥರ್ ಗನ್ ಎಂಬ ಮುದ್ರಕನಿಗಂತೆ. ಯುದ್ಧಕ್ಕೆ ಹೋಗದೆ ಉಳಿದರೆ ನನ್ನ ಮಗು ಮುಂದೆ ಏನು ಕೇಳಬಹುದು ಅಂತ ಮನೆಯಲ್ಲಿ ಯೋಚಿಸಿ, ಆಮೇಲೆ ಅವನೇ ಸೇನೆಗೆ ಸೇರಿದನಂತೆ. ತನ್ನ ಸರಕನ್ನು ತಾನೇ ಮೊದಲು ಕೊಂಡವನು!

ಪ್ರಿಂಟಿನಲ್ಲಿ ಅಪ್ಪನ ಕಣ್ಣು ಉಳಿದಿದೆ, ಅದೊಂದು ಸಮಾಧಾನ. ಆದರೆ ಕತ್ತರಿಸಿದ ಹಾಳೆಯಲ್ಲಿ ಪ್ರಶ್ನೆಯ ಸಾಲು ಅಂಚಿಗೆ ತಾಗಿಕೊಂಡಿದೆ. ಫ್ರೇಮ್ ಹಾಕಿಸಿದರೆ ಅಕ್ಷರಗಳ ಬುಡ ಮರದ ಕೆಳಗೆ ಹೋಗುತ್ತದೆ. ಪ್ರಶ್ನೆ ಇಲ್ಲದಿದ್ದರೆ ಇದು ಬರೀ ಒಂದು ಸುಖೀ ಕುಟುಂಬದ ಚಿತ್ರ.

ಅದರ ಪಕ್ಕಕ್ಕೆ ಕೀಲೀ ಬರೆದ ‘ಬ್ರಿಟನ್ನಿನ ಹೆಂಗಸರು ಹೇಳುತ್ತಾರೆ, ಹೋಗಿ’ ಇಡಿ. ಇದೂ 1915ರದ್ದು. ಕಿಟಕಿಯ ಹತ್ತಿರ ಹೆಂಗಸರು, ಒಂದು ಮಗು, ಹೊರಗೆ ಸಾಲಾಗಿ ಹೋಗುತ್ತಿರುವ ಸೈನಿಕರು. ಎಲ್ಲರೂ ಇದನ್ನು ಹೆಂಗಸರ ಪೋಸ್ಟರ್ ಅನ್ನುತ್ತಾರೆ. ನೋಡುವವನು ಎಲ್ಲಿ ನಿಂತಿದ್ದಾನೆ ಅಂತ ಒಮ್ಮೆ ಯೋಚಿಸಿ. ಅವನು ರಸ್ತೆಯಲ್ಲಿಲ್ಲ, ಸೈನಿಕರ ಸಾಲಿನಲ್ಲೂ ಇಲ್ಲ. ಮನೆಯೊಳಗೆ, ಹೆಂಗಸರು ಮಕ್ಕಳ ಜೊತೆ ಉಳಿದುಕೊಂಡಿದ್ದಾನೆ. ಅವರು ಹೆಮ್ಮೆಯಿಂದ ನೋಡುತ್ತಿರುವುದು ಹೊರಗಿನವರನ್ನು, ಒಳಗಿರುವ ಇವನ ಕಡೆ ಯಾರೂ ತಿರುಗುವುದೂ ಇಲ್ಲ. ಕಿಚನರ್ ದಿಟ್ಟಿಸಿ ಮಾಡುವ ಕೆಲಸವನ್ನು ಇವರು ನೋಡದೆ ಮಾಡುತ್ತಾರೆ. ಬಣ್ಣ ಮಾತ್ರ ಈ ಹಾಳೆಯಲ್ಲಿ ತೀರಾ ಮಂಕು.

ಇನ್ನೊಂದು ಇದೆ, ಚಿತ್ರ ಅಷ್ಟೇನೂ ಚೆನ್ನಾಗಿಲ್ಲ, ಆದರೆ ತಲೆ ಓಡಿಸಿದ್ದಾರೆ. ಸೈನಿಕರ ಒಂದು ಸಾಲು, ನಡುವೆ ಒಬ್ಬನಷ್ಟು ಜಾಗ ಬಿಳಿಯಾಗಿ ಬಿಟ್ಟಿದೆ, ಆ ಬಿಳಿಯಲ್ಲಿ ‘ಗಟ್ಟಿಮುಟ್ಟಾದ ಒಬ್ಬನಿಗೆ ಈ ಜಾಗ ಕಾಯ್ದಿರಿಸಿದೆ’ ಅಂತ. ಬಸ್ಸಿನಲ್ಲಿ ಟವೆಲ್ ಹಾಕಿದ ಸೀಟು ಕಂಡರೂ ಇಷ್ಟು ಮುಜುಗರ ಆಗಲ್ಲ.

ಇಷ್ಟೆಲ್ಲ ಮಾಡಿದರೂ ಸಾಲಲಿಲ್ಲ ಅನ್ನುವುದನ್ನೂ ನೆನಪಿಡಿ. ಸುಮಾರು 25 ಲಕ್ಷ ಜನ ತಾವಾಗಿಯೇ ಸೇರಿದ ಮೇಲೂ ಬ್ರಿಟನ್ 1916ರ ಜನವರಿಯಲ್ಲಿ ಕಡ್ಡಾಯ ಭರ್ತಿಯ ಕಾನೂನು ತರಬೇಕಾಯಿತು. ಮನೆಗೆ ನೋಟೀಸು ಬರತೊಡಗಿದ ಮೇಲೆ ಗೋಡೆಯ ಮೇಲಿನ ಮಗಳ ಪ್ರಶ್ನೆಗೆ ಕೆಲಸ ಉಳಿಯಲಿಲ್ಲ.

ಸಿಟ್ಟು ಬರಿಸುವ ಪೋಸ್ಟರ್‌ಗಳು ಮೂರು. ಸ್ಕಾರ್‌ಬರೋದ್ದು ಮೊದಲು. 1914ರ ಡಿಸೆಂಬರ್ 16ರಂದು ಜರ್ಮನಿಯ ಯುದ್ಧನೌಕೆಗಳು ಇಂಗ್ಲೆಂಡಿನ ಪೂರ್ವ ಕರಾವಳಿಯ ಸ್ಕಾರ್‌ಬರೋ ಮತ್ತಿತರ ಊರುಗಳ ಮೇಲೆ ಗುಂಡು ಹಾರಿಸಿದವು. ಪೋಸ್ಟರಿನಲ್ಲಿ ಒಡೆದುಹೋದ ಒಂದು ಮನೆ, ಅದರ ಮುಂದೆ ಮಗು ಎತ್ತಿಕೊಂಡು ನಿಂತ ಒಬ್ಬ ಹುಡುಗಿ. ಕೆಳಗೆ ಮನೆಯ ನಂಬರು, ಬೀದಿಯ ಹೆಸರು, ಆ ಮನೆಯಲ್ಲಿ ನಾಲ್ಕು ಜನ ಸತ್ತರು ಅನ್ನುವ ಮಾತು. ಆಮೇಲೆ ಒಟ್ಟು ಲೆಕ್ಕ: 78 ಹೆಂಗಸರು ಮಕ್ಕಳು ಸತ್ತರು, 228 ಹೆಂಗಸರು ಮಕ್ಕಳಿಗೆ ಗಾಯ. ಗಂಡಸರ ಲೆಕ್ಕವೇ ಇಲ್ಲ! ಸತ್ತ ಗಂಡಸರು ಇರಲಿಲ್ಲ ಅಂತಲ್ಲ, ಈ ಹಾಳೆಯಲ್ಲಿ ಅವರಿಗೆ ಪಾತ್ರ ಇಲ್ಲ. ಗಂಡಸು ಹೊರಗೆ ನಿಂತು ಓದಬೇಕು, ಅಷ್ಟೇ. ಬೇರೆ ಪೋಸ್ಟರ್‌ಗಳು ಚುಟುಕಾಗಿ ಹೇಳಿದರೆ ಇದು ಪತ್ರಿಕೆಯ ವರದಿಯ ಥರ ವಿಳಾಸ ಕೊಟ್ಟು ನಂಬಿಸುತ್ತದೆ. ಎ3ಯಲ್ಲಿ ಆ ಸಣ್ಣ ಅಕ್ಷರ ಓದಬೇಕಾದರೆ ಕನ್ನಡಕ ಬೇಕು.

ಎರಡನೆಯದು ಫ್ರೆಡ್ ಸ್ಪಿಯರ್‌ನದ್ದು, 1915, ಬಾಸ್ಟನ್. ಆ ವರ್ಷದ ಮೇ 7ರಂದು ಲೂಸಿಟೇನಿಯಾ ಅನ್ನುವ ಬ್ರಿಟನ್ನಿನ ಪ್ರಯಾಣಿಕರ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತ್ತು, ಸುಮಾರು 1,200 ಜನ ಸತ್ತಿದ್ದರು. ಚಿತ್ರದಲ್ಲಿ ಹಡಗು ಇಲ್ಲ, ಜರ್ಮನ್ ಇಲ್ಲ, ಸಬ್‌ಮರೀನ್ ಇಲ್ಲ. ಹಸಿರುಗಟ್ಟಿದ ನೀರು, ಅದರೊಳಗೆ ಬಿಳಿ ಬಟ್ಟೆಯ ಒಬ್ಬ ತಾಯಿ ಎದೆಗೆ ಕೂಸನ್ನು ಅಪ್ಪಿಕೊಂಡು ಕೆಳಕ್ಕೆ ಇಳಿಯುತ್ತಿದ್ದಾಳೆ. ಮೇಲಕ್ಕೆ ಹೋಗುವ ಗುಳ್ಳೆಗಳು. ಮಾತು ಒಂದೇ ಒಂದು: ‘ಸೇರಿ’. ಆಗಿನ್ನೂ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ, ಆದರೂ ಯಾವ ಸುದ್ದಿ ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಸತ್ತ ತಾಯಿಯ ತೋಳಿನಲ್ಲಿ ಮೂರು ತಿಂಗಳ ಕೂಸು ಇತ್ತು ಅನ್ನುವ ವರದಿ ಪತ್ರಿಕೆಗಳಲ್ಲಿ ಬಂದಿತ್ತು, ಚಿತ್ರ ಹುಟ್ಟಿದ್ದು ಅಲ್ಲಿಂದ. ಈ ಹನ್ನೆರಡರಲ್ಲಿ ಚಿತ್ರವಾಗಿ ನನಗೆ ತುಂಬ ಹಿಡಿಸಿದ್ದು ಇದೇ, ಮತ್ತು ಪ್ರಿಂಟಿನಲ್ಲಿ ತುಂಬ ಹಾಳಾದದ್ದೂ ಇದೇ. ನೀರಿನ ಹಸಿರು ಬೂದಿಯಾಗಿದೆ. ಗುಳ್ಳೆಗಳು ಕಾಣುವುದಿಲ್ಲ. ಗುಳ್ಳೆ ಇಲ್ಲದಿದ್ದರೆ ಅವಳು ಮುಳುಗುತ್ತಿದ್ದಾಳೆ ಅಂತಲೇ ಗೊತ್ತಾಗಲ್ಲ, ನಿದ್ದೆ ಮಾಡುತ್ತಿರುವಂತೆ ಕಾಣುತ್ತಾಳೆ. ಸಣ್ಣ ಫೈಲನ್ನು ಹಿಗ್ಗಿಸಿ ಹಾಕಿದ್ದಾರೆ ಅಂತ ನನ್ನ ಗುಮಾನಿ. ಅಂಚುಗಳಲ್ಲಿ ಚೌಕ ಚೌಕ ಚುಕ್ಕಿ ಕಾಣುತ್ತದೆ, ಹಳೇ ಲಿಥೋ ಪ್ರಿಂಟಿನ ಕಾಳು ಹಾಗಿರುವುದಿಲ್ಲ. ಲಿಥೋ ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಟ್ಟು ಒತ್ತುವುದು. ಇಲ್ಲಿ ರವಿವರ್ಮ ಪ್ರೆಸ್ಸಿನ ದೇವರ ಪಟಗಳು ಬರುತ್ತಿದ್ದದ್ದೂ ಅದೇ ಕಸುಬಿನಿಂದ. ಹಳೇ ಮನೆಯ ದೇವರ ಕೋಣೆಯಲ್ಲಿ ಅಂಥದ್ದೊಂದು ಇದ್ದರೆ ಹತ್ತಿರ ಹೋಗಿ ನೋಡಿ, ಬಣ್ಣ ಎಷ್ಟು ತುಂಬಿಕೊಂಡು ಕೂತಿರುತ್ತದೆ ಅಂತ ಗೊತ್ತಾಗುತ್ತದೆ.

ಮೂರನೆಯದು ಹಾಪ್ಸ್ ಬರೆದ ಗೊರಿಲ್ಲಾ. ಜರ್ಮನ್ ಶಿರಸ್ತ್ರಾಣ ಹಾಕಿದ ಗೊರಿಲ್ಲಾ, ಒಂದು ಕೈಯಲ್ಲಿ ರಕ್ತ ಮೆತ್ತಿದ ದೊಣ್ಣೆ, ಇನ್ನೊಂದು ಕೈಯಲ್ಲಿ ಬಟ್ಟೆ ಹರಿದ ಹೆಂಗಸು, ಕಾಲಿಟ್ಟಿರುವುದು ಅಮೆರಿಕದ ದಡದ ಮೇಲೆ. ‘ಈ ಹುಚ್ಚು ಮೃಗವನ್ನು ನಾಶಮಾಡಿ’ ಅಂತ ಮಾತು. ಎದುರಾಳಿಯನ್ನು ಪ್ರಾಣಿ ಮಾಡಿಬಿಟ್ಟರೆ ಅವನನ್ನು ಕೊಲ್ಲುವುದು ಕೊಲೆ ಅನ್ನಿಸುವುದಿಲ್ಲ, ಇದರ ತಂತ್ರ ಅಷ್ಟೇ. ಪ್ರಿಂಟ್ ಬಹಳ ಚೆನ್ನಾಗಿ ಬಂದಿದೆ, ನಾನು ಗೋಡೆಗೆ ಹಾಕಲಿಲ್ಲ.

ಅಮೆರಿಕದ ಚಿತ್ರಕಾರ ಕ್ರಿಸ್ಟಿ ಬರೆದ ನೌಕಾಪಡೆ ಹುಡುಗಿ ತಮಾಷೆಯಾಗಿದ್ದಾಳೆ. ದೊಗಳೆ ಸಮವಸ್ತ್ರ ಹಾಕಿಕೊಂಡು ‘ಅಯ್ಯೋ, ನಾನು ಗಂಡಸಾಗಿದ್ದರೆ ನೌಕಾಪಡೆ ಸೇರುತ್ತಿದ್ದೆ’ ಅನ್ನುತ್ತಾಳೆ. ನೋಡೋಕೆ ತುಂಟತನ, ಕೆಳಗಿನ ಸಾಲು ‘ಗಂಡಸಾಗು, ಸೇರು’. ಇದಕ್ಕೆ ನಿಂತ ಮಾಡೆಲ್ ಹುಡುಗಿ ಆಮೇಲೆ ನಿಜವಾಗಿಯೂ ನೌಕಾಪಡೆಗೆ ಸೇರಿದಳು.

ಡಿಮಿಟ್ರಿ ಮೂರ್ 1920ರಲ್ಲಿ ಬರೆದ ರಷ್ಯದ ಪೋಸ್ಟರ್ ಇದೆ ಅನ್ನುವ ಕಾರಣಕ್ಕೇ ನಾನು ಈ ಸೆಟ್ ಕೊಂಡೆ. ಅಂತರ್ಯುದ್ಧದ ಕಾಲ, ಕ್ರಾಂತಿ ಮಾಡಿದವರ ಕೆಂಪು ಸೇನೆಗೆ ಜನ ಬೇಕು. ಕಪ್ಪು, ಕೆಂಪು, ಕಾಗದದ ಬಿಳಿ, ಇಷ್ಟರಲ್ಲೇ ಮುಗಿಸಿದ್ದಾನೆ. ಸೈನಿಕ ಪೂರ್ತಿ ಕೆಂಪು, ಹಿಂದೆ ಹೊಗೆ ಉಗುಳುವ ಕಾರ್ಖಾನೆಗಳೂ ಕೆಂಪು, ಒಂದೇ ಮೈ ಆಗಿಬಿಟ್ಟಿವೆ. ಅದೇ ಬೆರಳು, ಅದೇ ನೇರ ಕಣ್ಣು. ಆದರೆ ಮಾತು ಬೇರೆ. ಸೇರು ಅನ್ನುವುದಿಲ್ಲ, ‘ನೀನು ಹೆಸರು ಬರೆಸಿದೆಯಾ?’ ಅಂತ ಕೇಳುತ್ತದೆ. ಸೇರು ಅಂದರೆ ನೋಡೋಣ ಅನ್ನಬಹುದು. ಬರೆಸಿದೆಯಾ ಅಂದರೆ ಹೌದು ಅಥವಾ ಇಲ್ಲ, ಅಲ್ವಾ? ಲಾರ್ಡ್ ಒಬ್ಬನ ಬೆರಳನ್ನು ಕ್ರಾಂತಿಯವರು ಎತ್ತಿಕೊಂಡದ್ದು ನೋಡಿದರೆ ಮಜಾ ಅನ್ನಿಸುತ್ತದೆ. ಬಣ್ಣ ಕಡಿಮೆ ಇರುವುದರಿಂದ ಪ್ರಿಂಟೂ ಅದ್ಭುತವಾಗಿ ಬಂದಿದೆ, ಇಡೀ ಸೆಟ್ಟಿನಲ್ಲಿ ಬೆಸ್ಟ್.

ಉಳಿದ ಎರಡು ಹಾಳೆ ಇಲ್ಲಿ ಯಾಕಿವೆ ಅಂತ ಗೊತ್ತಾಗಲಿಲ್ಲ. ಒಂದು ಕೆಂಪು ಹಿನ್ನೆಲೆಯ ‘ಶಾಂತವಾಗಿರಿ, ಕೆಲಸ ಮುಂದುವರಿಸಿ’. 1939ರಲ್ಲಿ ಬ್ರಿಟನ್ 24 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿಸಿ, ಜನರಿಗೆ ಹೆಚ್ಚುಕಮ್ಮಿ ತೋರಿಸದೆಯೇ ಇಟ್ಟದ್ದು. 2000ದಲ್ಲಿ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಮೇಲೆ ಪ್ರಸಿದ್ಧಿ. ಇನ್ನೊಂದು ತೋಳು ಮಡಚಿ ತೋರಿಸುವ, ತಲೆಗೆ ಕೆಂಪು ಬಟ್ಟೆ ಕಟ್ಟಿದ ಕಾರ್ಖಾನೆಯ ಹೆಣ್ಣು. 1943ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಯೊಳಗೆ ಎರಡು ವಾರ ಅಂಟಿಸಿದ್ದು, ಆಗಲೇ ಕೆಲಸದಲ್ಲಿದ್ದವರನ್ನು ಹುರಿದುಂಬಿಸೋಕೆ. ಎರಡೂ ಭರ್ತಿ ಪೋಸ್ಟರ್ ಅಲ್ಲ. ಚೆನ್ನಾಗಿ ಮಾರಾಟ ಆಗುತ್ತವೆ ಅಂತ ತುರುಕಿದ್ದಾರೆ.

ಆ ಎರಡು ಜಾಗಕ್ಕೆ ಯಾವುದನ್ನು ಹಾಕಬಹುದಿತ್ತು? ಒಂದು, ಏಬ್ರಮ್ ಗೇಮ್ಸ್ 1941ರಲ್ಲಿ ಬ್ರಿಟನ್ನಿನ ಮಹಿಳಾ ಸೇನಾ ದಳಕ್ಕೆ ಮಾಡಿದ್ದು. ಅರ್ಧ ನೆರಳಿನಲ್ಲಿ ಮುಖ, ಕೆಂಪು ತುಟಿ, ಟೋಪಿ. ಸಿನಿಮಾ ತಾರೆಯ ಹಾಗಿದ್ದಾಳೆ ಅಂತ ಪಾರ್ಲಿಮೆಂಟಿನಲ್ಲೇ ಗಲಾಟೆಯಾಗಿ ವಾಪಸ್ ತಗೊಂಡರು. ಗೋಡೆಗೆ ಹಾಕೋಕೆ ಅದಕ್ಕಿಂತ ಚಂದದ್ದು ಸಿಗಲ್ಲ.

ಇನ್ನೊಂದು ನಮ್ಮದು. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಸುಮಾರು 13 ಲಕ್ಷ ಜನ ಹೋದರು, 74 ಸಾವಿರದಷ್ಟು ಜನ ತಿರುಗಿ ಬರಲಿಲ್ಲ. ಇಲ್ಲಿನ ಭರ್ತಿಗೆಂದೇ ಮಾಡಿದ ಪೋಸ್ಟರ್‌ಗಳೂ ಇದ್ದವು, ಕೆಲವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ಅದರಲ್ಲೊಂದು ನನಗೆ ಕಿಚನರ್‌ಗಿಂತ ಜಾಸ್ತಿ ಕಾಡುತ್ತದೆ. ಒಂದು ಸಮವಸ್ತ್ರ, ಒಂದು ಬಂದೂಕು, ದುಡ್ಡು. ಸಮವಸ್ತ್ರದೊಳಗೆ ಮನುಷ್ಯನೇ ಇಲ್ಲ. ‘ಇದನ್ನೆಲ್ಲ ಯಾರು ತಗೊಳ್ಳುತ್ತಾರೆ? ಸೇನೆಗೆ ಭರ್ತಿಯಾಗುವವರು’ ಅಂತ ಮಾತು. ಬ್ರಿಟನ್ನಿನವನಿಗೆ ತೋರಿಸಿದ ಖಾಲಿ ಜಾಗದಲ್ಲಿ ಪಕ್ಕದವರೆಲ್ಲ ನಿಂತಿದ್ದರು, ನೀನೊಬ್ಬನೇ ಬಾಕಿ ಅನ್ನುವ ನಾಚಿಕೆ ಇತ್ತು. ಇಲ್ಲಿ ಖಾಲಿ ಅಂಗಿಯ ಪಕ್ಕ ಇಟ್ಟದ್ದು ದುಡ್ಡು. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ದೇಶಕ್ಕೆ ನೀನು ಬೇಕು ಅಂತ ಇಲ್ಲಿ ಬರೆಯೋಕೆ ಬಾಯಿ ಬರಬೇಕಲ್ಲ, ಯಾರ ದೇಶ ಅಂತ ಯಾರಾದರೂ ಕೇಳಿಬಿಟ್ಟರೆ? ಎಲ್ಲರೂ ಹೀಗೆ ಬಂದವರಲ್ಲ ಬಿಡಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಶತ್ರುಗಳ ಮೇಲೆ ಕುದುರೆ ಓಡಿಸಿದ ಮೈಸೂರು ಲ್ಯಾನ್ಸರ್ಸ್ ಮೊದಲೇ ಸಂಸ್ಥಾನದ ಪಡೆ. ಆದರೂ ಬೆಂಗಳೂರಿನಲ್ಲಿ ಕೂತು ಈ ಸೆಟ್ ಕೊಳ್ಳುವವನಿಗೆ ಆ ಖಾಲಿ ಅಂಗಿಯ ಪೋಸ್ಟರ್ ಒಂದಾದರೂ ಇರಬೇಕಿತ್ತು ಅನ್ನಿಸುತ್ತದೆ.

ಇನ್ನು ಉಪಯೋಗದ ಮಾತು. ಕಾಗದ ದಪ್ಪಗಿದೆ, ಅದಕ್ಕೆ ತಕರಾರಿಲ್ಲ. ಕೊಳವೆಯಲ್ಲಿ ಬಿಗಿಯಾಗಿ ಸುತ್ತಿರುವುದರಿಂದ ಬಿಚ್ಚಿದರೂ ಸುರುಳಿ ಬಿಡುವುದಿಲ್ಲ. ಹಿಮ್ಮುಖವಾಗಿ ಸಡಿಲ ಸುತ್ತಿ, ಆಮೇಲೆ ದಪ್ಪ ಪುಸ್ತಕಗಳ ಕೆಳಗೆ ಇಟ್ಟರೆ ಸರಿಹೋಗುತ್ತದೆ. ಫ್ರೇಮ್ ಹಾಕಿಸುವುದಾದರೆ ಸಾದಾ ಗಾಜು ಬೇಡ. ಎದುರಿಗೆ ಕಿಟಕಿಯೋ ಟ್ಯೂಬ್‌ಲೈಟೋ ಇದ್ದರೆ ಹೊಳಪು ಸರಿಯಾಗಿ ಮುಖದ ಮೇಲೆ ಬಂದು ಕೂರುತ್ತದೆ, ಕಿಚನರ್‌ಗೆ ಕಣ್ಣೇ ಇರುವುದಿಲ್ಲ. ಗಾಜಿಲ್ಲದೆ ಬೋರ್ಡಿಗೆ ಅಂಟಿಸಿಕೊಡುವುದೂ ಇದೆ, ಅದೇ ವಾಸಿ. ಕಿಚನರ್ ಮತ್ತು ಫ್ಲ್ಯಾಗ್ ಎರಡನ್ನೂ ನಿಂತವನ ಕಣ್ಣಿನ ಎತ್ತರಕ್ಕೆ ಹಾಕಿ, ಮೇಲೆ ನೇತುಹಾಕಿದರೆ ಬೆರಳು ನಮ್ಮ ತಲೆಯ ಮೇಲಿಂದ ಹೋಗುತ್ತದೆ. ಲಮ್ಲೀಯನ್ನು ಕೂತವರಿಗೆ ಕಾಣುವ ಹಾಗೆ ಸ್ವಲ್ಪ ಕೆಳಗೆ ಹಾಕಿ.

ಉಡುಗೊರೆ ಕೊಡೋಕೆ, ಕ್ಲಾಸಿನಲ್ಲಿ ತೋರಿಸೋಕೆ ಆದರೆ ಈ ಸೆಟ್ ನಡೆಯುತ್ತದೆ. ಡಿಸೈನ್ ಓದುವವರು, ಚಿತ್ರವನ್ನು ಸರಿಯಾಗಿ ನೋಡಬೇಕು ಅನ್ನುವವರು ದುಡ್ಡು ಉಳಿಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟಿನಲ್ಲಿ ಇಂಥ ಪೋಸ್ಟರ್‌ಗಳ ದೊಡ್ಡ ಸ್ಕ್ಯಾನ್‌ಗಳು ಬಿಟ್ಟಿಯಾಗಿ ಸಿಗುತ್ತವೆ, ಫ್ಲ್ಯಾಗ್‌ನದ್ದೂ ಸ್ಪಿಯರ್‌ನದ್ದೂ ಅಲ್ಲಿವೆ. ಟಿಫ್ ಫೈಲನ್ನೇ ಇಳಿಸಿಕೊಳ್ಳಿ, ಜೆಪೆಗ್ ಬೇಡ. ಹತ್ತಿರದ ಡಿಜಿಟಲ್ ಪ್ರಿಂಟ್ ಅಂಗಡಿಗೆ ಪೆನ್‌ಡ್ರೈವ್ ತಗೊಂಡು ಹೋಗಿ, ಎ2 ಸೈಜು, ‘ಹಾಳೆ ತುಂಬಿಸಬೇಡಿ, ಸುತ್ತ ಬಿಳಿ ಬಿಡಿ’ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರೂ ಕತ್ತರಿಸುತ್ತಾರೆ. ಸೆಟ್ಟೇ ಬೇಕು ಅಂದರೆ ಆರ್ಡರ್ ಮಾಡುವ ಮುಂಚೆ ಅಂಕಲ್ ಸ್ಯಾಮ್ ಹಾಳೆಯ ಕೆಳಭಾಗದ ಫೋಟೋ ಕಳಿಸಿ ಅಂತ ಕೇಳಿ, ಖಾಲಿ ಜಾಗ ಖಾಲಿಯಾಗೇ ಇದ್ದರೆ ಮಾತ್ರ ದುಡ್ಡು ಕೊಡಿ.